ಕೈಗಡದ ಚಕ್ರ

ಬಸ್ಸಿಗೆ ಕಾದು ಕಾದು ನಿಲ್ದಾಣದಲ್ಲೇ ಬೇರು ಬಿಟ್ಟವರು ನಾವು. ಆದರೆ ಮುಂದಿನ ನಿಲ್ದಾಣ ಯಾವಾಗ ಸಿಕ್ಕೀತೋ ಎಂದು ಬಸ್ಸೇ ಚಡಪಡಿಸಿದ ಕಾಲವೂ ಒಂದಿತ್ತು. ಸ್ವಿಟ್ಜರ್ಲೆಂಡಿನ ಇವರ್ಡನ್ ಊರಿನಿಂದ ಪಕ್ಕದ ಗ್ರಾನ್‌ಸನ್‌ಗೆ 1953ರಲ್ಲಿ ಓಡಾಡತೊಡಗಿದ ಆ ಬಸ್ಸಿನ ಹೆಸರು ಗೈರೋಬಸ್. ಓಡುವುದಕ್ಕೆ ಅದಕ್ಕೆ ಡೀಸೆಲ್ ಬೇಕಿರಲಿಲ್ಲ, ದಾರಿಯುದ್ದಕ್ಕೂ ತಂತಿಯೂ ಬೇಕಿರಲಿಲ್ಲ. ಇದ್ದದ್ದು ಒಂದೂವರೆ ಟನ್ ತೂಕದ ಉಕ್ಕಿನ ಚಕ್ರ, ಅಂದರೆ ಫ್ಲೈವೀಲ್. ನಿಲ್ದಾಣಕ್ಕೆ ಬಂದೊಡನೆ ಬಸ್ಸು ಚಾವಣಿಯಿಂದ ಮೂರು ಕೈ ಎತ್ತಿ ಕಂಬದಿಂದ ಕರೆಂಟು ಹಿಡಿಯುತ್ತಿತ್ತು. ಮೋಟಾರು ಆ ಚಕ್ರವನ್ನು ನಿಮಿಷಕ್ಕೆ 3,000 ಸುತ್ತಿನವರೆಗೂ ತಿರುಗಿಸುತ್ತಿತ್ತು. ಕೈ ಇಳಿಸಿ ಹೊರಟ ಮೇಲೆ ಅದೇ ಮೋಟಾರು ಜನರೇಟರಾಗಿ, ಚಕ್ರದ ಓಟವನ್ನು ಮತ್ತೆ ಕರೆಂಟು ಮಾಡಿ, ಸುಮಾರು ಆರು ಕಿಲೋಮೀಟರು ಎಳೆಯುತ್ತಿತ್ತು. ಅಷ್ಟರೊಳಗೆ ಕಂಬ ಸಿಗದಿದ್ದರೆ ಪ್ರಯಾಣಿಕರ ಗತಿ ದೇವರಿಗೇ ಪ್ರೀತಿ.

ಸ್ವಿಸ್ ಜನ ಗಡಿಯಾರದವರು, ಹೇಗೋ ತೂಗಿಸಿದರು. ಬೆಲ್ಜಿಯನ್ನರು ಇದನ್ನೇ 1955ರಲ್ಲಿ ಕಾಂಗೋದ ಲಿಯೋಪೋಲ್ಡ್‌ವಿಲ್‌ಗೆ, ಅಂದರೆ ಈಗಿನ ಕಿನ್ಶಾಸಾಗೆ ಒಯ್ದರು. ಹನ್ನೆರಡು ಬಸ್ಸು, ಗೈರೋಬಸ್ಸುಗಳ ಸಂಸಾರದಲ್ಲಿ ಇದೇ ದೊಡ್ಡದು. ಅಲ್ಲಿನ ಚಾಲಕರೋ, ಹತ್ತಿರವೆಂದು ಡಾಂಬರು ಕಾಣದ ಒಳದಾರಿಗಳಲ್ಲಿ ನುಗ್ಗಿಸುತ್ತಿದ್ದರಂತೆ. ಮಳೆ ಬಂದರೆ ಆ ದಾರಿಗಳೆಲ್ಲ ಕೆಸರುಗದ್ದೆ. ಚಕ್ರದ ಬೇರಿಂಗುಗಳು ಮುರಿದವು, ತೇವಕ್ಕೆ ಮೋಟಾರುಗಳು ಬಸವಳಿದವು, 1959ರ ಹೊತ್ತಿಗೆ ಆಟ ಮುಗಿಯಿತು. ನನಗಂತೂ ಆ ಚಾಲಕರ ಮೇಲೆ ಪ್ರೀತಿಯೇ. ಹತ್ತಿರದ ದಾರಿ ಕಣ್ಣೆದುರಿಗಿರುವಾಗ ಸುತ್ತುಬಳಸಿ ಹೋಗುವ ಚಾಲಕ ಯಾವ ದೇಶದಲ್ಲಿದ್ದಾನೆ? ಗೈರೋಬಸ್ ಓಡಿದ ಬೆಲ್ಜಿಯಂನ ಗೆಂಟ್‌ನಲ್ಲಂತೂ ಒಳ್ಳೆಯ ರಸ್ತೆಗಳೇ ಇದ್ದವು. ಅಲ್ಲೂ ಬಸ್ಸಿನ ಭಾರ ರಸ್ತೆಯನ್ನು ಹಾಳುಗೆಡವಿತು, ಕರೆಂಟು ಟ್ರಾಮಿಗಿಂತ ಹೆಚ್ಚು ತಿಂದಿತು. 1960ರಲ್ಲಿ ಇವರ್ಡನ್ನಿನ ಬಸ್ಸೂ ನಿಂತುಹೋಯಿತು.

ಚಕ್ರದ ಸ್ವಭಾವ ತಿಳಿಯದೆ ಕೆಲಸ ಕೊಟ್ಟರು ಅನ್ನಿಸುತ್ತದೆ. ಬ್ಯಾಟರಿಯದು ಠೇವಣಿಯ ಲೆಕ್ಕ, ಚಕ್ರದ್ದು ಕೈಗಡ. ಬೆಳಿಗ್ಗೆ ಕೊಟ್ಟದ್ದನ್ನು ಸಂಜೆ ಕೇಳಿದರೆ ಗಾಳಿಗೂ ಘರ್ಷಣೆಗೂ ಅರ್ಧ ಹೋಗಿರುತ್ತದೆ. ಈಗ ಕೊಟ್ಟು ಈಗಲೇ ಕೇಳಿದರೆ ಹೆಚ್ಚುಕಡಿಮೆ ಪೂರ್ತಿ, ಅದೂ ಒಂದೇ ಗುಕ್ಕಿಗೆ. ಹಿಟ್ಟಿನ ಗಿರಣಿಯ ಹಳೆಯ ಡೀಸೆಲ್ ಎಂಜಿನ್ನಿನ ಪಕ್ಕದ ದಪ್ಪ ಚಕ್ರ ಮಾಡುತ್ತಿದ್ದದ್ದೂ ಇದನ್ನೇ: ಎಂಜಿನ್ನು ಒಮ್ಮೆ ಢಬ್ ಎಂದರೆ, ಮುಂದಿನ ಢಬ್ ಬರುವ ತನಕ ಬೆಲ್ಟನ್ನು ಓಡಿಸುವುದು. ಇಂಗ್ಲೆಂಡಿನ ಕಲ್ಹಮ್‌ನಲ್ಲಿ, ಸೂರ್ಯನೊಳಗಿನಂಥ ಬೈಜಿಕ ಸಮ್ಮಿಲನವನ್ನು ಪ್ರಯೋಗಿಸುತ್ತಿದ್ದ ಜೆಟ್ (JET) ಎಂಬ ಹೆಸರಿನ ಯಂತ್ರ ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಗ್ರಿಡ್ ಒಂದೇ ಹೊರಲಾಗದು ಎಂದು, ಒಂದೊಂದೂ 775 ಟನ್ನಿನ ಎರಡು ಚಕ್ರಗಳನ್ನು ನಿಧಾನವಾಗಿ ತಿರುಗಿಸಿಟ್ಟುಕೊಂಡು, ಪ್ರಯೋಗದ ಕೆಲವೇ ಸೆಕೆಂಡುಗಳಲ್ಲಿ ಅವುಗಳಿಂದ ಗಬಕ್ಕನೆ ಕಸಿಯುತ್ತಿದ್ದರು.

ತೂಕ ಇಮ್ಮಡಿಸಿದರೆ ಚಕ್ರದೊಳಗಿನ ಶಕ್ತಿ ಇಮ್ಮಡಿ. ವೇಗ ಇಮ್ಮಡಿಸಿದರೆ ನಾಲ್ಮಡಿ. ಹಾಗಾಗಿ ಮುಂದಿನವರು ಉಕ್ಕಿನ ಹೊಟ್ಟೆ ಕರಗಿಸಿ, ಕಾರ್ಬನ್ ನಾರಿನ ಸಪೂರ ಚಕ್ರವನ್ನು ಗಾಳಿ ತೆಗೆದ ಡಬ್ಬಿಯಲ್ಲಿಟ್ಟು ಹತ್ತಾರು ಸಾವಿರ ಸುತ್ತು ತಿರುಗಿಸಿದರು. ಅಂಥದ್ದೊಂದು ಔಡಿ ರೇಸ್ ಕಾರಿನಲ್ಲಿ ಚಾಲಕನ ಪಕ್ಕದಲ್ಲೇ ಕೂತು, ತಿರುವಿಗೆ ಮುನ್ನ ಬ್ರೇಕಿನ ಶಕ್ತಿಯನ್ನು ಈಸಿಕೊಂಡು, ತಿರುವು ದಾಟಿದೊಡನೆ ಮುಂದಿನ ಗಾಲಿಗಳಿಗೆ ಹಿಂತಿರುಗಿಸಿ, 2012ರ ಲೆ ಮಾನ್ 24 ಗಂಟೆಗಳ ರೇಸನ್ನು ಗೆದ್ದುಕೊಟ್ಟಿತು. ಗೆದ್ದ ಮೂವರು ಚಾಲಕರಲ್ಲಿ ಮಾರ್ಸೆಲ್ ಫೆಸ್ಲರ್ ಸ್ವಿಟ್ಜರ್ಲೆಂಡಿನವರೇ. 2013, 2014ರಲ್ಲೂ ಚಕ್ರದ್ದೇ ಗೆಲುವು. 2016ರಲ್ಲಿ ಔಡಿ ಚಕ್ರ ಕಿತ್ತು ಬ್ಯಾಟರಿ ಕೂರಿಸಿತು. ಆ ವರ್ಷ ಗೆದ್ದದ್ದು ಪೋರ್ಷೆ. ಚಕ್ರದ ಪಕ್ಷಪಾತಿಯಾದ್ದರಿಂದ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಪೋರ್ಷೆಯೊಳಗಿದ್ದದ್ದೂ ಬ್ಯಾಟರಿಯೇ ಎಂಬುದನ್ನು ಮುಚ್ಚಿಟ್ಟರೆ ತಪ್ಪಾದೀತು.