ಚಾಮುಂಡಿಯ ತಪ್ಪಲಿನ ನಿಶಾಚರಿಗಳು

ಸಂಜೆಯ ಕೊನೆಯ ಬಿಸಿಲು ಚಾಮುಂಡಿ ಬೆಟ್ಟದ ನೆತ್ತಿಯನ್ನು ಬಿಟ್ಟು ಜಾರುವ ವೇಳೆಗೆ, ಮೈಸೂರು ನಗರದ ಅಂಚಿನ ಹೊಲಗಳಲ್ಲಿ ಇನ್ನೊಂದು ಲೋಕ ಕಣ್ತೆರೆಯುತ್ತದೆ. ಬಿಲದ ಬಾಯಲ್ಲಿ ಮೀಸೆಯೊಂದು ಮಿಸುಕುತ್ತದೆ. ಮರುಕ್ಷಣವೇ ಕಂದುಬಣ್ಣದ ಜೀವಿಯೊಂದು ಜಿಗಿದು ಮರೆಯಾಗುತ್ತದೆ. ದೊಡ್ಡ ಕಣ್ಣು, ನೀಳವಾದ ಹಿಂಗಾಲು, ತುದಿಯಲ್ಲಿ ಕುಚ್ಚುಳ್ಳ ಬಾಲ: ಇದೇ ಜರ್ಬಿಲ್ ಎಂಬ ಬಯಲಿಲಿ. ರಾಜಸ್ಥಾನದ ಮರಳುಗಾಡಿನಲ್ಲಿಯೂ ದೂರದ ಸಿರಿಯಾದಲ್ಲಿಯೂ ಬಾಳುವ ಈ ಪ್ರಾಣಿ ಕನ್ನಡನಾಡಿನ ಒಣನೆಲಕ್ಕೂ ಒಗ್ಗಿದೆ. ಹಗಲಿನ ಬೇಗೆಯನ್ನು ಬಿಲದ ತಂಪಿನಲ್ಲಿ ಕಳೆದು ಇರುಳಿನಲ್ಲಿ ಮೇಯುವುದು ಅದರ ಬಾಳಿನ ಕ್ರಮ.

ರೈತನಿಗೆ ಇಲಿ ವೈರಿ. ಕೊಂದರೆ ಸಾಲದೆ, ಅದರ ಅಧ್ಯಯನವೇಕೆ? ಇದಕ್ಕೆ ಉತ್ತರ ಧಾರವಾಡದ ಸೀಮೆಯ ಹಳೆಯ ಘಟನೆಯೊಂದರಲ್ಲಿದೆ. ಮುಂಗಾರು ಬಿರುಸಾಗಿ ಸುರಿದರೆ ಹೊಲದಿಲಿಗಳು ಹೇರಳವಾಗಿ ಸಾಯುತ್ತವೆ. 1826ರಲ್ಲಿ ಮಳೆ ಕೈಕೊಟ್ಟಿತು, ಇಲಿಗಳು ಮಿತಿಮೀರಿದವು. ಜೋಳದ ದಂಟನ್ನೇರಿ ತೆನೆಗಳನ್ನೇ ಕತ್ತರಿಸಿದವು. ಬಿಲ ಅಗೆಯುವುದರಲ್ಲಿ ನಿಪುಣರಾದ ವಡ್ಡರಿಗೆ ಕಾಳನ್ನು ಅಳೆದುಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲವೆಂದು ಆಂಗ್ಲ ಅಧಿಕಾರಿ ವಾಲ್ಟರ್ ಎಲಿಯಟ್ 1839ರ ತನ್ನ ಪ್ರಾಣಿಪಟ್ಟಿಯಲ್ಲಿ ಬರೆದಿಟ್ಟನು. ವಡ್ಡರು ಆ ಇಲಿಯನ್ನು ಕರೆಯುತ್ತಿದ್ದ ಮಾತಿನಿಂದಲೇ ಅದರ ಶಾಸ್ತ್ರೀಯ ನಾಮವಾದ ‘ಮೆಲ್ಟಾಡ’ ಹುಟ್ಟಿತು.

ಲೆಕ್ಕವರಿಯದ ಕೊಲೆಯಿಂದ ಫಲವಿಲ್ಲ. ಆದರೆ ನೆಲದೊಳಗಿನ ಜೀವವನ್ನು ಎಣಿಸುವುದು ಹೇಗೆ? ಸಂಶೋಧಕರು ಸಂಜೆ ತಗಡಿನ ಪೆಟ್ಟಿಗೆಬೋನುಗಳಲ್ಲಿ ಕಡಲೆಕಾಯಿ ಬೀಜವಿಟ್ಟು ಸಾಲಾಗಿ ಹೂಡುತ್ತಾರೆ. ಬಿಸಿಲೇರುವ ಮುನ್ನವೇ ಅವನ್ನು ನೋಡಿ ಬರಬೇಕು. ತಗಡು ಕಾದರೆ ಒಳಗಿನ ಜೀವ ಉಳಿಯದು. ಸಿಕ್ಕ ಇಲಿಯನ್ನು ತೂಗಿ, ಅಳೆದು, ಗುರುತು ಹಾಕಿ, ಹಿಡಿದ ಎಡೆಯಲ್ಲಿಯೇ ಬಿಡುತ್ತಾರೆ. ಹೀಗೆ 20 ಇಲಿಗಳನ್ನು ಬಿಟ್ಟ ಬಳಿಕ, ಮತ್ತೆ ಹಿಡಿದ 25ರಲ್ಲಿ 5 ಮಾತ್ರ ಗುರುತಿನವಾದರೆ, ಅಲ್ಲಿರುವ ಇಲಿಗಳು ಸುಮಾರು 100 ಎಂದು ಲೆಕ್ಕ.

ಎಣಿಕೆಗೆ ಮೊದಲು ಜಾತಿಯ ತಿಳಿವು ಬೇಕು. 1970ರ ದಶಕದಲ್ಲಿ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರಜ್ಞರು ಹೊಲದ ಚಿಟ್ಟಿಲಿಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮನೆಯ ಚಿಟ್ಟಿಲಿಯ ಜೀವಕೋಶದಲ್ಲಿ ಅವು 40. ಅದೇ ಕುಲದ ಮುಳ್ಳುಗೂದಲಿನ ಹೊಲದಿಲಿಯಲ್ಲಿ 26. ಕಣ್ಣಿಗೆ ಹತ್ತಿರದ ನೆಂಟರು, ಒಳಗೆ ಬೇರೆ ಬೇರೆ ಜೀವಗಳು!

ಬೆಳಗಾಗುತ್ತದೆ. ಬೋನಿನ ಬಾಗಿಲು ತೆರೆಯುತ್ತದೆ. ಬಯಲಿಲಿ ಒಂದು ಗಳಿಗೆ ನಿಂತು, ಜಿಗಿದು, ತನ್ನ ಬಿಲವನ್ನು ಸೇರುತ್ತದೆ. ರೈತನ ತೆನೆಯನ್ನು ಉಳಿಸುವ ದಾರಿ ಹುಡುಕುವವರು, ತೆನೆಯ ಕಳ್ಳನನ್ನೇ ಜೋಪಾನವಾಗಿ ಮನೆಗೆ ಕಳುಹಿಸಬೇಕಾಗಿದೆ.