ಹೀಟರಿನ ದೋಷ, ನಮ್ಮ ಗುಮಾನಿ

ಬೆಂಗಳೂರಿನ ಚಳಿಯನ್ನು ಚಳಿಯೆಂದು ಒಪ್ಪದವರು ಅನೇಕರಿದ್ದಾರೆ. ಆದರೆ ಜನವರಿಯ ಮುಂಜಾವಿನಲ್ಲಿ ಫಜ್ರ್ ನಮಾಝ್ ಮುಗಿಸಿ, ವೃದ್ಧ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಮಕ್ಕಳಿಗೆ ಆ ಚಳಿಯ ತೂಕ ತಿಳಿದಿರುತ್ತದೆ. ಮೂತ್ರಪಿಂಡಗಳು ಸೋತವರಲ್ಲಿ ಸಾಮಾನ್ಯವಾಗಿ ರಕ್ತವೂ ಕಡಿಮೆಯಿರುತ್ತದೆ. ಇತರರಿಗೆ ಹಿತವೆನಿಸುವ ತಂಪು ಅವರನ್ನು ನಡುಗಿಸುತ್ತದೆ. ಮರ್ಫಿ ಟೌನಿನ ನಮ್ಮ ಮನೆಯಿಂದ ವಾರಕ್ಕೆ ಮೂರು ದಿನ ನಾವು ಸಹೋದರರಿಬ್ಬರು ಅಮ್ಮಿಯೊಂದಿಗೆ ಹೀಗೆ ಹೊರಡುತ್ತಿದ್ದೆವು.

ವಾಹನವು ಮರ್ಹೂಮ್ ತಂದೆಯವರು ಬಿಟ್ಟುಹೋದ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಈ ಕಾರು ನಮ್ಮಂತಹ ಎಷ್ಟೋ ಕುಟುಂಬಗಳ ಮೊದಲ ಕಾರಾಗಿತ್ತು. ನಮ್ಮದಕ್ಕೆ ಹದಿನೈದು ವರ್ಷ ಎಂದೋ ತುಂಬಿತ್ತು. ಹಸಿರು ತೆರಿಗೆ ಕಟ್ಟಿ, ಎಫ್‌ಸಿ ಮಾಡಿಸಿ ಓಡಿಸುತ್ತಿದ್ದೆವು.

ಅಂದು ಅಮ್ಮಿಯ ನಡುಕವನ್ನು ಕಂಡು ಹೀಟರಿನ ಗುಂಡಿಯನ್ನು ಕೆಂಪು ಗುರುತಿನ ಕಡೆಗೆ ಸರಿಸಿದೆವು. ಬ್ಲೋವರ್ ಸದ್ದು ಮಾಡಿತು, ಗಾಳಿ ಬಂತು, ಆದರೆ ತಣ್ಣನೆಯ ಗಾಳಿ. ಹಲಸೂರು ದಾಟಿದರೂ ಅದು ಬಿಸಿಯಾಗಲಿಲ್ಲ. ಎರಡು ವಾರಗಳ ಹಿಂದಷ್ಟೇ ನಮ್ಮ ಬೀದಿಯ ಸಮೀಪದ ಸಣ್ಣ ಗ್ಯಾರೇಜೊಂದರಲ್ಲಿ ರೇಡಿಯೇಟರಿನ ಹೋಸ್ ಪೈಪನ್ನು ಬದಲಿಸಿದ್ದೆವು. "ಅಲ್ಲಿ ಕೈ ಹಾಕಿದವರು ಅವರೊಬ್ಬರೇ. ಏನನ್ನೋ ಬಿಚ್ಚಿಟ್ಟುಕೊಂಡಿದ್ದಾರೆ" ಎಂದು ನಮ್ಮಲ್ಲೊಬ್ಬರು ಹೇಳಿದೆವು, ಇನ್ನೊಬ್ಬರು ತಲೆಯಾಡಿಸಿದೆವು. ಅದಕ್ಕೆ ಮೊದಲು ಆ ಹೀಟರನ್ನು ನಾವೆಂದೂ ಹಾಕಿ ನೋಡಿಯೇ ಇರಲಿಲ್ಲ ಎಂಬ ಸರಳ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ.

ಅಂದು ಸಂಜೆ ಮಗ್ರಿಬ್‌ನ ನಂತರ ಮಸೀದಿಯ ಬಳಿಯ ಚಹಾದಂಗಡಿಯಲ್ಲಿ ಪರಿಚಿತರೊಬ್ಬರು ಸಿಕ್ಕರು. ತಮ್ಮ ವ್ಯಾನಿನ ಇಂಜಿನ್ ಕೆಲಸವನ್ನು ಅದೇ ಗ್ಯಾರೇಜಿಗೆ ಕೊಡಬೇಕೆಂದಿದ್ದೇನೆ ಎಂದರು. "ಸ್ವಲ್ಪ ನೋಡಿಕೊಂಡು ಕೊಡಿ" ಎಂದೆವು, ನಮ್ಮ ಕಥೆಯನ್ನೂ ಸೇರಿಸಿದೆವು. ಚಹಾದ ಲೋಟ ಖಾಲಿಯಾಗುವಷ್ಟರಲ್ಲಿ ನಮ್ಮ ಗುಮಾನಿಯು ಇನ್ನೊಬ್ಬರ ಮನಸ್ಸಿನಲ್ಲಿ ಸುದ್ದಿಯಾಗಿ ನೆಲೆಸಿತ್ತು.

ಎರಡು ದಿನಗಳ ನಂತರ ಆ ಗ್ಯಾರೇಜಿಗೆ ಹೋದೆವು. ನಡೆಸುವವರು ತಮಿಳು ಮನೆಮಾತಿನ ಹಿರಿಯರು. ಬಡಾವಣೆಯ ಎಲ್ಲರಿಗೂ ಅಣ್ಣ. ಅವರು ಮೊದಲು ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಮಟ್ಟವನ್ನು ನೋಡಿದರು. ಬಳಿಕ ಇಂಜಿನನ್ನು ಹಾಗೆಯೇ ಓಡಲು ಬಿಟ್ಟು ತಾಪಮಾನದ ಮುಳ್ಳನ್ನು ಗಮನಿಸಿದರು. ಹದಿನೈದು ನಿಮಿಷ ಕಳೆದರೂ ಅದು ಕೆಳಗಿನ ಗೆರೆಯನ್ನು ಬಿಟ್ಟು ಮೇಲೇಳಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಕಡೆಗೆ ಹೋಗುವ ಎರಡು ಪೈಪುಗಳನ್ನೂ ಕೈಯಿಂದ ಮುಟ್ಟಿದರು.

"ನೋಡಿ ಭಾಯ್, ಹೀಟರಿಗೆ ಸ್ವಂತ ಬೆಂಕಿ ಇಲ್ಲ. ಇಂಜಿನ್ ಕಾಯಿಸಿದ ನೀರು ಒಳಗಿನ ಪುಟ್ಟ ರೇಡಿಯೇಟರಿಗೆ ಬರುತ್ತೆ, ಬ್ಲೋವರ್ ಅದರ ಬಿಸಿಯನ್ನ ಒಳಗೆ ತಳ್ಳುತ್ತೆ. ಒಂದು ಪೈಪು ಬಿಸಿ, ಇನ್ನೊಂದು ತಣ್ಣಗಿದ್ರೆ ಮಧ್ಯೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಎರಡೂ ಬಿಸಿ ಇದ್ರೆ ಗಾಳಿಯ ದಾರಿಯಲ್ಲಿ ತೊಂದರೆ. ಇಲ್ಲಿ ಎರಡೂ ಉಗುರು ಬೆಚ್ಚಗೆ, ಅಷ್ಟೇ. ಇಂಜಿನ್ನೇ ಕಾಯ್ತಿಲ್ಲ."

ಇಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರು ಮುಂದಿನ ದೊಡ್ಡ ರೇಡಿಯೇಟರಿಗೆ ಹೋಗದಂತೆ ತಡೆಯುವುದು ಥರ್ಮೋಸ್ಟಾಟ್ ವಾಲ್ವ್. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಅದರ ಕವಚದ ಬೋಲ್ಟುಗಳು ತುಕ್ಕು ಹಿಡಿದು ಕದಲದಂತಾಗಿದ್ದವು. ಎಣ್ಣೆ ಬಿಟ್ಟು, ಬಹಳ ಹೊತ್ತು ಕಾದು, ಕಷ್ಟಪಟ್ಟು ಬಿಚ್ಚಿದರು. ಒಳಗೆ ವಾಲ್ವ್ ಇರಲಿಲ್ಲ.

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಮ್ಮ ಗುಮಾನಿಯೇ ನಿಜವಾಯಿತೆಂಬ ಗೆಲುವು ಆ ನೋಟದಲ್ಲಿತ್ತೆಂದು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಅಣ್ಣ ಅದನ್ನು ಗಮನಿಸಿದರೋ ಇಲ್ಲವೋ. ವಾಲ್ವ್ ಕೂರುವ ಅಂಚನ್ನು ಬಟ್ಟೆಯಿಂದ ಒರೆಸಿ ತೋರಿಸಿದರು. ಅಲ್ಲಿ ಹೊಸ ಲೋಹದ ಹೊಳಪಿರಲಿಲ್ಲ. ಸುತ್ತಲೂ ಒಂದೇ ಸಮನಾಗಿ ಹಳೆಯ ಕಂದು ತುಕ್ಕು ಕಟ್ಟಿತ್ತು. "ಇದು ತೆಗೆದು ಎಷ್ಟೋ ವರ್ಷ ಆಗಿದೆ. ಬಿಸಿಲುಗಾಲಕ್ಕೆ ಇಂಜಿನ್ ಕುದಿಯುತ್ತೆ ಅಂತ ಹಳೇ ಗಾಡಿಗಳಲ್ಲಿ ಹೀಗೆ ತೆಗೆಸ್ತಾರೆ" ಎಂದರು.

ಮನೆಗೆ ಬಂದು ಅಮ್ಮಿಯನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ನಿಮ್ಮ ಅಬ್ಬಾನೇ ತೆಗೆಸಿದ್ದು. ಕೋಲಾರದ ದಾರಿಯಲ್ಲಿ ಗಾಡಿ ಕುದಿದು ನಿಂತಿತ್ತು. ರೇಡಿಯೇಟರ್ ಬದಲಾಯಿಸಬೇಕು ಅಂದ್ರು. ಅದು ನಿಮ್ಮಿಬ್ಬರ ಕಾಲೇಜು ಫೀಸಿನ ತಿಂಗಳು. ಸದ್ಯಕ್ಕೆ ಇದನ್ನ ತೆಗೆದುಬಿಡಿ, ಓಡುತ್ತೆ ಅಂತ ಅಬ್ಬಾ ಹೇಳಿದ್ರು."

ನಾವಿಬ್ಬರೂ ಏನೂ ಹೇಳಲಾಗದೆ ಕುಳಿತೆವು. ನಮಗಾಗಿ ತಂದೆಯವರು ಬಿಟ್ಟುಕೊಟ್ಟದ್ದನ್ನು ನಾವು ಇನ್ನೊಬ್ಬರ ಕಳ್ಳತನವೆಂದು ಬೀದಿಯಲ್ಲಿ ಸಾರಿದ್ದೆವು.

ಸೂರಃ ಅಲ್ ಹುಜುರಾತ್‌ನ 12ನೇ ವಚನವನ್ನು ನಾವು ಎಷ್ಟೋ ಸಲ ಓದಿದ್ದೆವು. ಅದು ಮೊದಲು ಗುಮಾನಿಯನ್ನು, ಬಳಿಕ ಪರರ ಗುಟ್ಟು ಕೆದಕುವುದನ್ನು, ಕೊನೆಗೆ ಪರನಿಂದೆಯನ್ನು ನಿಷೇಧಿಸುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಯುವುದು ಎಷ್ಟು ಸುಲಭವೆಂದು ಆ ಚಹಾದಂಗಡಿಯಲ್ಲಿ ನಾವೇ ತೋರಿಸಿಕೊಟ್ಟೆವು. ದೋಷವು ಸಹಧರ್ಮೀಯರಲ್ಲದವರ ಮೇಲೆ ಬಿದ್ದರೆ ಅದು ಹಗುರವಾಗುವುದೂ ಇಲ್ಲ. ಮದೀನದಲ್ಲಿ ಒಂದು ಕವಚ ಕಳವಾದಾಗ ಮುಸ್ಲಿಮನೆನಿಸಿಕೊಂಡವನು ಆ ಆರೋಪವನ್ನು ಯಹೂದಿಯೊಬ್ಬರ ಮೇಲೆ ಹೊರಿಸಿದನು. ಅವರು ನಿರಪರಾಧಿಯೆಂದು ಸಾರಲು ಸೂರಃ ಅನ್ನಿಸಾದ 105ನೇ ವಚನ ಮತ್ತು ಅದರ ಮುಂದಿನ ವಚನಗಳು ಅವತೀರ್ಣಗೊಂಡವೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಜನರ ಮೇಲೆ ಆರೋಪ ಹೊರಿಸಿದ ಕಾರಣ ತನ್ನ ಪುಣ್ಯವೆಲ್ಲ ಅವರಿಗೆ ಹಂಚಿಹೋಗಿ ದಿವಾಳಿಯಾಗುವವನ ಕುರಿತು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಕೇವಲ ತೌಬಾದಿಂದ ಇದು ಮುಗಿಯುವಂಥದ್ದಲ್ಲವೆಂದು ಅರಿತು, ಮೊದಲು ವ್ಯಾನಿನ ಪರಿಚಿತರ ಮನೆಗೆ ಹೋಗಿ ನಮ್ಮ ಮಾತು ಸುಳ್ಳೆಂದು ಹೇಳಿದೆವು. ಅವರ ವ್ಯಾನಿನ ಕೆಲಸ ಆಗಲೇ ಬೇರೊಂದು ಕಡೆ ಮುಗಿದಿತ್ತು. ನಂತರ ಗ್ಯಾರೇಜಿಗೆ ಹೋಗಿ ಎಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದೆವು. ಅಣ್ಣ ಸ್ವಲ್ಪ ಹೊತ್ತು ಮೌನವಾಗಿದ್ದು, "ವ್ಯಾನಿನವರು ಬರ್ತೀನಿ ಅಂದಿದ್ರು. ಯಾಕೆ ಬರಲಿಲ್ಲ ಅಂತ ಯೋಚಿಸ್ತಿದ್ದೆ" ಎಂದರು. ಅವರು ನಮ್ಮನ್ನು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ನಷ್ಟ ತುಂಬಿಕೊಡುತ್ತೇವೆಂದಾಗ ಬೇಡವೆಂದು ಕೈಯಾಡಿಸಿದರು.

ಜೆ.ಸಿ. ರಸ್ತೆಯಿಂದ ತಂದ ಹೊಸ ವಾಲ್ವನ್ನು ಕೂರಿಸಿ, ಹಳೆಯ ರೇಡಿಯೇಟರನ್ನೂ ಬದಲಿಸಿ, ನಲ್ಲಿಯ ನೀರಿನ ಬದಲು ಕೂಲೆಂಟ್ ತುಂಬಿಸಿಕೊಟ್ಟರು. "ಸ್ಟಾರ್ಟ್ ಮಾಡಿದ ಕೂಡಲೇ ಹೀಟರ್ ಹಾಕಬೇಡಿ. ಮುಳ್ಳು ಮೇಲೆ ಬರೋವರೆಗೆ ಕಾಯಿರಿ" ಎಂದಷ್ಟೇ ಹೇಳಿದರು.

ಮರುದಿನ ಮುಂಜಾನೆ ಮುಳ್ಳು ನಿಧಾನವಾಗಿ ಮೇಲೇರಿತು. ಬೆಚ್ಚನೆಯ ಗಾಳಿ ಬಂದಾಗ ಅಮ್ಮಿ ಶಾಲಿನೊಳಗಿಂದ ಕೈಗಳನ್ನು ಹೊರತೆಗೆದು ತಂದೆಯವರಿಗಾಗಿ ದುಆ ಮಾಡಿದರು. ನಾವು ಆಮೀನ್ ಎಂದೆವು. ಮನಸ್ಸಿನಲ್ಲಿ ಗ್ಯಾರೇಜಿನ ಅಣ್ಣನಿಗಾಗಿಯೂ ಪ್ರಾರ್ಥಿಸಿದೆವು. ಕೈಯಿಂದ ಮುಟ್ಟಿ ನೋಡುವ ಮೊದಲೇ ತೀರ್ಪು ಕೊಡುವ ದುರಭ್ಯಾಸದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ನಮ್ಮ ನಾಲಗೆಯಿಂದ ನಷ್ಟಗೊಂಡವರ ಮುಂದೆ ಈ ಲೋಕದಲ್ಲಿಯೇ ನಿಂತು ಕ್ಷಮೆ ಕೇಳುವ ಧೈರ್ಯವನ್ನು ಕರುಣಿಸಲಿ. ಆಮೀನ್.