ಒಳ್ಳೆಯ ಹೆಸರಿನ ಬಳಕೆ

‘ಆ ಮನೆಯ ಹುಡುಗಿ ಬಲು ಸಾಧು’ ಎಂಬ ಮಾತು ಕಿವಿಗೆ ಬಿದ್ದರೆ ಹೆತ್ತವರಿಗೆ ಹಿಗ್ಗಾಗುವುದು ಸಹಜವಷ್ಟೆ. ಆದರೆ ಹುಡುಗಿ ಬೆಳೆದಂತೆಲ್ಲ ಆ ಹೆಸರು ಚಿಕ್ಕಂದಿನ ರವಿಕೆಯಂತೆ ಬಿಗಿಯಾಗತೊಡಗುವುದೂ ಉಂಟು. ಆಗ ಏನು ಮಾಡತಕ್ಕದ್ದು?

ಕಳೆದ ವರ್ಷ ಈ ಪ್ರಶ್ನೆ ಮಡಿಕೇರಿಯ ನಮ್ಮ ಮನೆಗೇ ಬಂದಿತು. ಎಂದೂ ದನಿಯೆತ್ತದ ನಮ್ಮ ಹಿರಿಯ ಮಗಳು ಶಾಲೆಯ ಹಾಸ್ಯನಾಟಕದಲ್ಲಿ ಜಗಳಗಂಟಿ ಅತ್ತೆಯ ಪಾತ್ರವನ್ನು ತಾನೇ ಕೇಳಿ ಪಡೆದಳು. ‘ಜನ ನಕ್ಕರೆ?’ ಎಂದರು ಅವಳ ಅಜ್ಜಿ. ‘ನಗಲೆಂದೇ ಅಲ್ಲವೆ ಅಜ್ಜಿ, ನಾಟಕ?’ ಎಂದಳು ಅವಳು. ಸಭೆ ಹೊಟ್ಟೆ ತುಂಬ ನಕ್ಕಿತು. ಮರುದಿನ ನೆರೆಯವರೊಬ್ಬರು, ‘ಈ ಹುಡುಗಿಗೆ ಇಷ್ಟು ಬಾಯಿ ಇದೆಯೆಂದು ತಿಳಿದಿರಲಿಲ್ಲ’ ಎಂದರು. ಅಜ್ಜಿಯ ಮುಖ ಬಾಡಿತು. ನಮಗೆ ಮಾತ್ರ ಇದೇ ಊರಿನ ಗೌರಮ್ಮನವರ ನೆನಪಾಯಿತು.

1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ‘ಕೊಡಗಿನ ಗೌರಮ್ಮ’ನವರು ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಗೃಹಿಣಿಯಾದವರು. ಗೌರವಸ್ಥ ಮನೆತನ, ಸುಖದ ಸಂಸಾರ. ಸುಮ್ಮನಿದ್ದಿದ್ದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಅವರು ಸುಮ್ಮನಿರಲಿಲ್ಲ. ಟೆನ್ನಿಸ್ ಆಡಿದರು, ಈಜಿದರು. ವಿಧವೆಯರ ಅಂತರಂಗದ ಅಳಲನ್ನೂ ಗಂಡಸಿನ ತಪ್ಪಿಗೆ ಹೆಣ್ಣು ತೆರುವ ದಂಡವನ್ನೂ ಕಥೆಗಳಾಗಿ ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಹಿಡಿದರು. ಗಾಂಧೀಜಿ ಬಂದರು. ಮಾಂಗಲ್ಯವೇ ಮೊದಲಾದ ಒಂದೆರಡನ್ನು ಉಳಿದು ಮಿಕ್ಕ ಒಡವೆಗಳನ್ನು ಗೌರಮ್ಮನವರು ಹರಿಜನ ನಿಧಿಗೆ ಕೊಟ್ಟುಬಿಟ್ಟರು. 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ‘ಕಂಬನಿ’, ‘ಚಿಗುರು’ ಸಂಕಲನಗಳಲ್ಲಿ ಅವರ ಕಥೆಗಳು ಇಂದಿಗೂ ಓದಲು ದೊರೆಯುತ್ತವೆ.

ಅವರು ಒಳ್ಳೆಯ ಹೆಸರನ್ನು ಹಗುರವಾಗಿ ಕಂಡವರೆಂದು ವಾಚಕರು ಭಾವಿಸಬಾರದು. ಸದ್ಗೃಹಿಣಿಯೊಬ್ಬಳು ವಿಧವೆಯ ಪರವಾಗಿ ಬರೆದಾಗ ಆ ಮಾತಿಗೆ ತೂಕ ಹೆಚ್ಚು. ಟೀಕಿಸುವವರಿಗೆ ಒಡನೆ ತಳ್ಳಿಹಾಕಲಾಗದು. ಅವರು ಹೆಸರನ್ನು ಪೆಟ್ಟಿಗೆಯಲ್ಲಿಡದೆ ಬಳಕೆಗೆ ತಂದರು, ಅಷ್ಟೆ.

ದುಡುಕು ಬೇರೆ, ದಿಟ್ಟತನ ಬೇರೆ. ಪರರಿಗೆ ಕೇಡಾಗುವ ಸಾಹಸಕ್ಕೆ ನಾವು ಹಿರಿಯರು ಅಡ್ಡ ನಿಲ್ಲಲೇಬೇಕು. ಆದರೆ ನಾಲ್ವರ ನಗೆಯೊಂದೇ ಅಪಾಯವಾಗಿರುವಲ್ಲಿ, ಮಕ್ಕಳು ಮುಂದಡಿಯಿಡುವಾಗ ನಾವು ಸಭೆಯ ಮೊದಲ ಸಾಲಿನಲ್ಲಿ ಕುಳಿತಿದ್ದರೆ ಸಾಕು.